ಸವಳು ನೀರಿಗೆ ಸವಾಲು

“ಈ ಯುಗಾದಿಗೆ ಹೋಳಿಗಿ ಬ್ಯಾಳಿ ನನ್ನ ನೀರಿನ್ಯಾಗ ಬೇಯಬೇಕು! ಇನ್ನ ಈ ಮನಿಗೆ ನೀರಿನ ಕ್ಯಾನು ಬಂದ್ರ ನನ್ನ ಹೆಸರು ಆನಂದಕುಮಾರ ಅಲ್ಲ!”

ಕುಷಾಯಿಗೂಡದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ನಿಂತು ಆನಂದಕುಮಾರರು ಹೀಗೆ ಘೋಷಿಸಿದಾಗ, ಒಳಗಿನಿಂದ ಹೆಂಡತಿ ದಾನೇಶ್ವರಮ್ಮ ಕೇಳಿದರು, “ಹಂಗಾರ ಏನಂತ ಕರೀಲಿ? ಈಗಲೇ ಹೇಳಿಬಿಡ್ರಿ, ರೂಢಿ ಮಾಡ್ಕೋತೀನಿ.”

ಆನಂದಕುಮಾರರು ಕಾರ್ಖಾನೆಯಲ್ಲಿ ಫೋರ್ಮನ್ ಆಗಿ ಮೆರೆದವರು. ಅವರು ಕೆಮ್ಮಿದರೆ ಷೆಡ್ಡಿನ ಯಂತ್ರಗಳೇ ಬೆದರಿ ನಿಲ್ಲುತ್ತಿದ್ದವಂತೆ. ಹಾಗಂತ ಅವರೇ ಹೇಳುತ್ತಿದ್ದರು! ನಿವೃತ್ತರಾದ ಮೇಲೆ ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದರೆ, “ಚಾ ಬೇಕೇನ್ರಿ, ಬ್ಯಾಡೇನ್ರಿ” ಅಷ್ಟೇ. ಈ ಮನೆಗೆ ತಮ್ಮಿಂದ ಇನ್ನೂ ಉಪಯೋಗವಿದೆ ಎಂದು ಹೆಂಡತಿಯ ಬಾಯಿಂದಲೇ ಒಮ್ಮೆ ಕೇಳಬೇಕೆಂಬ ಆಸೆ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಅದಕ್ಕಾಗಿ ಅವರು ಆರಿಸಿಕೊಂಡ ವೈರಿ ಬೋರಿನ ಸವಳು ನೀರು. ಅದರಲ್ಲಿ ಸೋಪು ನೊರೆ ಬಿಡದು, ಬೇಳೆ ಬೇಯದು.

ಗುಜರಿಯಿಂದ ಕಂಪ್ರೆಸರ್, ತಾಮ್ರದ ಕೊಳವೆ ತಂದು ಬೆಸೆದರು. ಹೀಟ್ ಪಂಪ್ ಅವತರಿಸಿತು! ಅದರ ಒಂದು ಮುಖ ಗಾಳಿಯ ಬಿಸಿಯನ್ನು ಹೀರುತ್ತದೆ. ಇನ್ನೊಂದು ಮುಖ ಆ ಬಿಸಿಯನ್ನು ಪಾತ್ರೆಯ ಸವಳು ನೀರಿಗೆ ಉಣಿಸುತ್ತದೆ. ನೀರು ಆವಿಯಾಗಿ, ಆವಿ ತಂಪಾಗಿ, ಸಿಹಿನೀರು ಕೊಡಕ್ಕೆ ಇಳಿಯಬೇಕು. ಉಪ್ಪು ಪಾತ್ರೆಯಲ್ಲೇ ಕೂರಬೇಕು. ಇಳಿಯಿತು! ಬೆಳಿಗ್ಗೆ ಹಚ್ಚಿದರೆ ಸಂಜೆಗೆ ಒಂದು ಲೋಟ.

“ಪೂಜಾಕ್ಕ ಸಾಕಾಗ್ತೈತಿ ಬಿಡ್ರಿ,” ಅಂದರು ದಾನೇಶ್ವರಮ್ಮ.

ಕೊಳವೆಗೆ ಥರ್ಮಾಕೋಲ್ ಸುತ್ತಿದರು, ಫ್ಯಾನು ಬದಲಿಸಿದರು. ಎರಡು ಲೋಟ! ಆಗ ಮೂಲಕಾರಣ ಹೊಳೆಯಿತು. ಸುತ್ತಲಿನ ಗಾಳಿ ಬಿಸಿಯಿದ್ದಷ್ಟೂ ಯಂತ್ರಕ್ಕೆ ಬಲ. ಬಾಲ್ಕನಿಗೋ ಬಿಸಿಲಿನ ಗುರುತೇ ಇಲ್ಲ. ಮಾಳಿಗೆಗೆ ಮಾಲೀಕರ ಬೀಗ. ಗೋಡೆಯ ಥರ್ಮಾಮೀಟರ್ ಕಿತ್ತು ಹಿಡಿದು ಕೋಣೆ ಕೋಣೆ ಸರ್ವೇ ಹೊರಟರು.

“ಏನ ಹುಡುಕಾಕತ್ತೀರಿ?”

“ಮನ್ಯಾಗ ಭಾಳ ಕಾವು ಇರೋ ಜಾಗಾ.”

“ಅದನ್ನೂ ಹುಡುಕಬೇಕೇನ್ರಿ? ಇಲ್ಲಿ ಬರ್ರಿ. ಲಗ್ನ ಆಗಿ ಬಂದಾಗಿಂದ ಇಲ್ಲೇ ನಿಂತೀನಿ.”

ಅಡುಗೆಮನೆಗೆ ಕಾಲಿಟ್ಟದ್ದೇ ತಡ, ಆನಂದಕುಮಾರರ ಕನ್ನಡಕಕ್ಕೆ ಮಬ್ಬು ಕವಿಯಿತು. ಥರ್ಮಾಮೀಟರಿನ ಕೆಂಪು ಗೆರೆ ಸರಸರ ಏರಿತು. ಎರಡು ಒಲೆ, ಅಂಗೈಯಗಲದ ಕಿಟಕಿ. ಹೆಂಡತಿಯ ಕುಪ್ಪಸದ ಬೆನ್ನು ತೊಯ್ದು ತೊಪ್ಪೆ. ತಾವು ಇಷ್ಟು ವರ್ಷ ಫ್ಯಾನಿನ ಕೆಳಗೆ ಕೂತು “ಇನ್ನೊಂದು ರೊಟ್ಟಿ” ಎಂದು ಕೂಗಿದ್ದು ಈ ಕುಲುಮೆಯೊಳಕ್ಕೆ! ಕನ್ನಡಕ ಒರೆಸಿಕೊಳ್ಳುತ್ತ, “ಭಾಳ ಚಲೋ ಜಾಗಾ!” ಎಂದುಬಿಟ್ಟರು.

“ಹೌದ್ರಿ, ಕೈಲಾಸ!”

ಬಿಸಿ ಹೀರುವ ಮುಖವನ್ನು ಅಡುಗೆಮನೆಯ ಕಿಟಕಿಗೆ ಕೂರಿಸಿ, ಪಾತ್ರೆಯನ್ನು ಹೊರಗೆ ಬಟ್ಟೆ ಒಗೆಯುವ ಜಾಗದಲ್ಲಿಟ್ಟರು. ಸಂಜೆಯೊಳಗೆ ಕೊಡ ತುಂಬಿತು! ಬಿಸಿ ಕಳೆದುಕೊಂಡ ಗಾಳಿ ಮಾತ್ರ ತಣ್ಣಗೆ ಒಳಗೇ ಸುಳಿಯತೊಡಗಿತು.

ಪಕ್ಕದ ಮನೆಯ ಗುರುದೇವಿ ಓಡಿ ಬಂದಳು. “ಅಣ್ಣಾರು ಎ.ಸಿ. ಹಾಕಿಸ್ಯಾರ!”

“ಎ.ಸಿ. ಅಲ್ಲವ್ವಾ, ಹೀಟ್ ಪಂಪ್.”

“ಹೀಟ್ ಅಂತೀರಿ, ಹಲ್ಲು ಕಟಕಟ ಅನ್ನಾಕತ್ತಾವ!”

ಸುದ್ದಿ ಹಬ್ಬಿತು. ಮಧ್ಯಾಹ್ನವಾದರೆ ಸಾಕು, ಬೀದಿಯ ಹೆಂಗಸರ ದರ್ಬಾರು ಅಡುಗೆಮನೆಯಲ್ಲೇ! ಯಂತ್ರದ ಯಜಮಾನರಿಗೆ ಅಲ್ಲಿ ಕಾಲಿಡಲು ಜಾಗವಿಲ್ಲ.

ಯುಗಾದಿ ಬೆಳಿಗ್ಗೆ ಹೆಂಗಸರಿಲ್ಲದ ಹೊತ್ತು ನೋಡಿ ಅವರು ಒಳಗೆ ಬಂದರೆ, ಹೋಳಿಗೆಯ ಬೇಳೆ ಬೆಂದು ರುಬ್ಬಿ ಹೂರಣವಾಗಿದೆ. ಮೂಲೆಯಲ್ಲಿ ನೀರಿನ ಕ್ಯಾನು!

“ಇದ್ಯಾಕ ಬಂತು? ನನ್ನ ನೀರೆಲ್ಲಿ?”

“ನಿನ್ನಿ ಎಲ್ಲಾರೂ ಕುಡಿದ್ರು. ತಂಪಿಗೆ ಕುಂತ್ರ ಮಾತು ಬರ್ತೈತಿ, ಮಾತಾಡಿದ್ರ ನೀರಡಿಸ್ತೈತಿ. ಒಲಿ ಆರಿಸಿ ಕುಂತ್ವಿ ನೋಡ್ರಿ, ಕೊಡಾನೂ ತುಂಬಲಿಲ್ಲ.”

ಆನಂದಕುಮಾರರ ಮುಖ ಬಾಡಿತು. “ಗಾಳಿಗಲ್ಲ, ನೀರಿಗಂತ ಮಾಡಿದ್ದು! ಅಡಿಗಿಮನಿ ತಣ್ಣಗಾದ್ರ ಯಂತ್ರ ಏನ ಹೀರಬೇಕು? ಇಲ್ಲಿ ಒಲಿ ಒಂದೇ ಸಮ ಉರೀಬೇಕು!”

ದಾನೇಶ್ವರಮ್ಮ ಎದ್ದು ಎರಡೂ ಒಲೆ ಹಚ್ಚಿದರು. ಹಂಚು ಏರಿಸಿದರು. ಮಗುಚುವ ಸೌಟನ್ನು ಗಂಡನ ಕೈಗಿತ್ತು, ಪಡಸಾಲೆಯ ಕುರ್ಚಿಯನ್ನು ಎಳೆತಂದು ತಣ್ಣನೆಯ ಗಾಳಿಗೆ ಎದುರಾಗಿ ಕೂತರು.

“ಉರೀಲಿ. ನೀವು ಬೇಯಿಸ್ರಿ.”

ಮೊದಲ ಹೋಳಿಗೆ ಹಂಚಿಗಂಟಿತು. ಎರಡನೆಯದು ಭೂಪಟವಾಯಿತು. ಹಣೆಯ ಬೆವರು ಮೂಗಿಗಿಳಿಯಿತು. ಹೊರಗೆ ಕೊಡದಲ್ಲಿ ಹನಿಗಳ ಸದ್ದು ಚುರುಕಾಯಿತು.

“ನೀರು ಹೆಚ್ಚಾತೇನ್ರಿ?”

“ಹೆಚ್ಚಾತು,” ಅಂದರು ಆನಂದಕುಮಾರರು, ತೋಳಿನಿಂದ ಮುಖ ಒರೆಸುತ್ತ.

“ಹಂಗಾರ ಇನ್ನ ಮ್ಯಾಲೆ ನೀವೇ ನಿಂದರ್ರಿ,” ದಾನೇಶ್ವರಮ್ಮ ಕಣ್ಣು ಮುಚ್ಚಿ ಗಾಳಿಗೆ ಮುಖವೊಡ್ಡಿದರು. “ನಿಮ್ಮ ಕೈಯಾಗ ಯಂತ್ರ ಭಾಳ ಚಲೋ ನಡೀತೈತಿ!”