ಮೌಸ್ ಕೈಕೊಟ್ಟ ಬೆಳಗು

ಅಂಜುಬುರುಕರು ಮಾಡಬಾರದ ಉದ್ಯೋಗಗಳಲ್ಲಿ ಲಗ್ನಪತ್ರಿಕೆಯ ಅಕ್ಷರ ಜೋಡಿಸುವುದೂ ಒಂದು ಎಂದು ನನಗೆ ಯಾರೂ ಮೊದಲೇ ಹೇಳಲಿಲ್ಲ. ಲಗ್ನಪತ್ರಿಕೆಯನ್ನು ಯಾರೂ ಮುಹೂರ್ತಕ್ಕಾಗಿ ಓದುವುದಿಲ್ಲ. ತಮ್ಮ ಹೆಸರು ಎಲ್ಲಿದೆ, ಯಾರ ಹೆಸರಿನ ಕೆಳಗಿದೆ ಎಂದು ಹುಡುಕಲು ಓದುತ್ತಾರೆ. ಒಮ್ಮೆ ಒಬ್ಬ ಸೋದರಮಾವನ ಹೆಸರು ಬಿಟ್ಟುಹೋಗಿ, ಅವರು ಅಕ್ಷತೆಯ ಹೊತ್ತಿಗೆ ಮದುಮಗಳನ್ನು ಬಿಟ್ಟು ನನ್ನನ್ನು ಹುಡುಕುತ್ತ ಬಂದಿದ್ದರು. ಅಂದಿನಿಂದ ಗಡಹಿಂಗ್ಲಜದ ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದಿನ ನನ್ನ ಅಂಗಡಿಯಲ್ಲಿ ಬಾಗಿಲ ಕಡೆ ಮುಖ ಮಾಡಿಯೇ ಕೂಡುತ್ತೇನೆ.

ಹೀಗಿರುವಾಗ ಒಂದು ಬೆಳಿಗ್ಗೆ ಮನೆಯಲ್ಲಿ ಚಹಾ ಕುಡಿಯುತ್ತ, ಹಿಂದಿನ ದಿನ ಇಚಲಕರಂಜಿಯ ಪ್ರೆಸ್ಸಿಗೆ ಕಳಿಸಿದ್ದ ಪತ್ರಿಕೆಯನ್ನು ಮೊಬೈಲಿನಲ್ಲಿ ಸುಮ್ಮನೆ ನೋಡಿದೆ. ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟೆ. ವರನ ತಂದೆ, ಮುರಗೂಡದ ಬಾಳಪ್ಪನವರ ಹೆಸರಿನ ಮುಂದೆ ‘ಶ್ರೀ’ ಇರಬೇಕಾದಲ್ಲಿ ‘ಕೈ.’ ಇತ್ತು. ಕರ್ನಾಟಕದಲ್ಲಿ ತೀರಿಕೊಂಡವರಿಗೆ ‘ದಿ.’ ಎಂದು ಹಾಕುತ್ತಾರಲ್ಲ, ಮಹಾರಾಷ್ಟ್ರದಲ್ಲಿ ಮರಾಠಿಯ ಮಗ್ಗುಲಲ್ಲಿರುವ ನಮಗೆ ಕನ್ನಡ ಪತ್ರಿಕೆಯಲ್ಲೂ ‘ಕೈ.’, ಅಂದರೆ ಕೈಲಾಸವಾಸಿ. ಮೇಲಿದ್ದ ವರನ ಅಜ್ಜನ ಸಾಲನ್ನು ನಕಲು ಮಾಡಿ ಹೆಸರಷ್ಟೇ ಬದಲಿಸಿದ ನಾನು, ಗಟ್ಟಿಮುಟ್ಟಾಗಿ ಬೆಲ್ಲದ ವ್ಯಾಪಾರ ಮಾಡಿಕೊಂಡಿದ್ದ ಮನುಷ್ಯನನ್ನು ಮಗನ ಮದುವೆಗೆ ಮೊದಲೇ ಕಳಿಸಿಕೊಟ್ಟಿದ್ದೆ. ಪತ್ರಿಕೆಯನ್ನು ಒಪ್ಪಿದವನು ಆ ಮಗ. ವಧುವಿನ ಹೆಸರು ಬಿಟ್ಟು ಅವನು ಬೇರೇನೂ ಓದಿದಂತಿಲ್ಲ.

ಪ್ರೆಸ್ಸಿಗೆ ಫೋನು ಮಾಡಿದರೆ, “ಬಾರಾಪರ್ಯಂತ ನವೀ ಫಾಯಿಲ್ ಪಾಠವಾ, ನಾಹಿತರ ಮಶೀನ್ ಸುರು ಕರತೋ” ಎಂದರು. ಹನ್ನೆರಡರೊಳಗೆ ತಿದ್ದಿದ ಫೈಲು ಹೋಗದಿದ್ದರೆ ಬಾಳಪ್ಪನವರ ಕೈಲಾಸವಾಸ ಊರೂರಿಗೆ ಹಂಚಿಹೋಗುತ್ತದೆ.

ಅಂಗಡಿಗೆ ಓಡಿ ಕಂಪ್ಯೂಟರ್ ಹಚ್ಚಿದೆ. ಪರದೆ ಬಂತು, ಬಾಣ ಬರಲಿಲ್ಲ. ಮೌಸ್ ಸಿಗುತ್ತಿಲ್ಲವೆಂದು ಕಂಪ್ಯೂಟರ್ ಹೇಳಿತು. ಅದು ನನ್ನ ಮುಷ್ಟಿಯಲ್ಲೇ ಬೆವರುತ್ತಿತ್ತು. ತಿರುವಿ ನೋಡಿದರೆ ಹೊಟ್ಟೆಯಡಿಯ ಕೆಂಪು ದೀಪವೇ ಇಲ್ಲ. ಬಂದ್ ಮಾಡಿ ಹಚ್ಚಿದೆ. ಹಿಂದಿನ ಕಿಂಡಿಯಿಂದ ತೆಗೆದು ಮುಂದಿನದಕ್ಕೆ ಚುಚ್ಚಿ ಮತ್ತೆ ಹಚ್ಚಿದೆ. ಉಫ್ ಎಂದು ಊದಿದೆ. ಬಲ್ಲವರು ಕೀಬೋರ್ಡಿನಿಂದಲೇ ಎಲ್ಲ ನಡೆಸುತ್ತಾರಂತೆ. ನಾನು ಯಾವ ಕೀಲಿ ಒತ್ತಿದರೂ ಬೇರೇನೋ ತೆರೆದುಕೊಳ್ಳುತ್ತಿತ್ತು. ಕಡೆಗೆ ಉಳಿದದ್ದು ಕೈಮುಗಿಯುವುದೊಂದೇ. ಅದನ್ನೂ ಮಾಡಿ, ಯಾರಾದರೂ ನೋಡಿದರೇ ಎಂದು ತಲೆಯೆತ್ತಿದೆ.

ಬಾಗಿಲಲ್ಲಿ ಬಾಳಪ್ಪನವರು ಚಪ್ಪಲಿ ಬಿಡುತ್ತಿದ್ದರು.

“ಪ್ಯಾಟಿಗೆ ಬಂದಿದ್ನಿ, ಮಲ್ಲಣ್ಣ. ನಮ್ಮ ಪತ್ರಿಕಾ ಹ್ಯಾಂಗ ಆಗೇತಿ, ನೋಡೂನು ಅಂತ.”

“ಮೌಸ್ ಚಾಲೂನ ಆಗವಲ್ತರಿ ಅಣ್ಣಾರ. ನಾಳಿಗೆ ಬರ್ರಿ.”

“ಕುಂಡ್ರತೀನಿ ಬಿಡ್ರಿ. ನನಗೇನ ಅವಸರ ಇಲ್ಲ.”

ಅವರಿಗೆ ಅವಸರವಿರಲಿಲ್ಲ; ಅವಸರ ಮಾಡಿದವನು ನಾನು. ಈಗ ನನಗೆ ಮೌಸ್ ಏಳುವುದೂ ಬೇಡ, ಏಳದಿರುವುದೂ ಬೇಡ. ಎದ್ದರೆ ಇವರು ಓದುತ್ತಾರೆ, ಏಳದಿದ್ದರೆ ಊರೇ ಓದುತ್ತದೆ. ರಿಪೇರಿಯ ನಾಟಕಕ್ಕೆಂದು, ಕಂಪ್ಯೂಟರ್ ಚಾಲೂ ಇದ್ದಂತೆಯೇ ವೈರು ಕಿತ್ತು ಮತ್ತೆ ಚುಚ್ಚಿದೆ. ಕೆಂಪು ದೀಪ ಹತ್ತಿತು. ಅಷ್ಟು ಹೊತ್ತು ನಿಜವಾಗಿ ಬೇಡಿಕೊಂಡಾಗ ಬಾರದ್ದು ಸುಳ್ಳಿಗೆ ಬಂತು. “ಬಂತ ನೋಡ್ರಿ, ತಗೀರಿ” ಎಂದು ಬಾಳಪ್ಪನವರು ಕುರ್ಚಿ ಎಳೆದುಕೊಂಡರು.

ತೆಗೆದೆ. ಅವರು ಕನ್ನಡಕ ಏರಿಸಿ, ಗಣಪತಿಯಿಂದ ಶುರುಮಾಡಿ ನಿಧಾನವಾಗಿ ಓದುತ್ತ ಬಂದು ತಮ್ಮ ಹೆಸರಿಗೆ ನಿಂತರು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

“ನಾ ಯಾವಾಗ ಹೋದ್ನಿ, ಮಲ್ಲಣ್ಣ?” ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಸಿತು.

“ತಪ್ಪಾತ್ರಿ ಅಣ್ಣಾರ. ಅಜ್ಜಾರ ಸಾಲಿಂದು ಉಳದಬಿಟ್ಟೇತ್ರಿ. ಈಗ ತಗೀತೀನ್ರಿ.”

“ತಡೀರಿ. ಕೆಳಗ ಅಕ್ಷರ ಜೋಡಣೆ ಅಂತ ನಿಮ್ಮ ಹೆಸರ ಐತೆಲ್ಲ, ಅದರ ಮುಂದನೂ ಒಂದ ಹಾಕ್ರಿ.”

ಹಾಕಿದೆ. ‘ಕೈ. ಮಲ್ಲಿಕಾರ್ಜುನ.’ ಒಂದು ಅಕ್ಷರ, ಒಂದು ಚುಕ್ಕೆ, ಅಷ್ಟೇ. ಹೆಂಡತಿ, ಮಗಳು, ಬೆಳಿಗ್ಗೆ ಅರ್ಧಕ್ಕೇ ಬಿಟ್ಟುಬಂದ ಚಹಾ, ಎಲ್ಲ ಒಮ್ಮೆಲೇ ನೆನಪಾದವು.

“ಹ್ಯಾಂಗ ಅನಸ್ತೈತಿ?”

“ಭಾಳ ಅಂಜಿಕಿ ಆಗತೈತ್ರಿ.”

“ನನಗೂ ಹಂಗ ಆತು. ಈಗ ಇಬ್ಬರನೂ ಉಳಸ್ರಿ.”

ಹನ್ನೆರಡಕ್ಕೆ ಹೆಚ್ಚು ಹೊತ್ತಿರಲಿಲ್ಲ. ಪ್ರೆಸ್ಸಿನವರು ಕಾಯುತ್ತಿದ್ದದ್ದು ಅವರ ಹೆಸರಿಗೆ, ನನ್ನದಕ್ಕಲ್ಲ. ಆದರೂ ಬಾಣ ನೆಟ್ಟಗೆ ಕೆಳಗಿಳಿದು ಮೊದಲು ನನ್ನ ಹೆಸರಿನ ಮುಂದಿದ್ದದ್ದನ್ನೇ ಅಳಿಸಿತು. ಬಾಳಪ್ಪನವರು ನೋಡಿದರು, ತಮ್ಮ ಸರದಿಗಾಗಿ ಕಾಯುತ್ತ ಕುಳಿತರು.