ಬರ್ರಿ ಕಾಕಾ, ಹತ್ರಿ

ಶಿಸ್ತಿನ ಮನುಷ್ಯನಿಗೆ ಒಂದು ದೊಡ್ಡ ಅನುಕೂಲವಿದೆ: ತಪ್ಪು ಕೆಲಸವನ್ನೂ ಅವನು ಸರಿಯಾದ ವೇಳೆಗೆ ಮಾಡುತ್ತಾನೆ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಶಿಫ್ಟ್ ಮಾಡಿ ನಿವೃತ್ತನಾದ ನಾನು ಈಗಲೂ ಐದಕ್ಕೆ ಏಳುತ್ತೇನೆ. ಆರಕ್ಕೆ ಸರಿಯಾಗಿ ಕಾರು ತೆಗೆದು ವಾಕಿಂಗ್‌ಗೆ ಹೋಗುತ್ತಿದ್ದೆ. ಹೌದು, ಕಾರಿನಲ್ಲಿ. ಅಂಬೇವಾಡಿಯ ಮನೆಯಿಂದ ಮೈದಾನದವರೆಗೆ ಕಾರು, ಅಲ್ಲಿ ಎರಡು ಸುತ್ತು, ಗೆಳೆಯರ ಜೊತೆ ಮಿರ್ಚಿ ಭಜಿ, ಮತ್ತೆ ಕಾರು. ನಮ್ಮಂಥವರ ಕಾರುಗಳೇ ತುಂಬಿ ನಡೆಯಲು ಜಾಗವಿರುತ್ತಿರಲಿಲ್ಲ. ಮೈದಾನ ಚಿಕ್ಕದಾಯಿತೆಂದು ನಾವು ಎಲ್ಲರೂ ಕೂಡಿ, ಭಜಿ ತಿನ್ನುತ್ತ, ವ್ಯಥೆಪಡುತ್ತಿದ್ದೆವು.

ಹಿಂದೆ ಹೀಗಿರಲಿಲ್ಲ. ಶಿಫ್ಟ್ ಬಿಟ್ಟಾಗ ರಸ್ತೆ ತುಂಬ ಸೈಕಲ್ಲು, ಒಬ್ಬನಿಗೂ ಹೊಟ್ಟೆಯಿಲ್ಲ. ಈಗ ಕೊತ್ತಂಬರಿ ತರಲೂ ಕಾರು. ಕೊತ್ತಂಬರಿ ಎರಡು ಕಡ್ಡಿ, ಹೊಗೆ ಊರಿಗೆಲ್ಲ.

ಸಕ್ಕರೆ ಏರಿತು. ಡಾಕ್ಟರು ಹೇಳಿದರು: "ಮೂರು ತಿಂಗಳು ಟೈಮ್ ಕೊಡ್ತೇನ್ರಿ. ಕಾರು ಬಿಟ್ಟು ನಡೀರಿ. ಇಲ್ಲಾಂದ್ರ ದಿನಾ ಹೊಟ್ಟಿಗೆ ಇನ್ಸುಲಿನ್ ಸೂಜಿ." ಬಾಯ್ಲರಿನ ಪಕ್ಕ ನಿಂತು ಬುತ್ತಿ ಉಂಡವನು ನಾನು, ಆದರೆ ಸೂಜಿ ಕಂಡರೆ ಕಣ್ಣು ಕತ್ತಲೆ. ಅಂದೇ ಗೋಡೆಗೆ ನಡಿಗೆಯ ವೇಳಾಪಟ್ಟಿ ಅಂಟಿಸಿ, ಕಾರಿನ ಕೀಲಿಯನ್ನು ಹೆಂಡತಿ ಸರೋಜಾಳ ವಶಕ್ಕೆ ಕೊಟ್ಟೆ.

ಆದರೆ ನಮ್ಮೂರಲ್ಲೊಂದು ಪದ್ಧತಿಯಿದೆ. ಹಿರಿಯರು ನಡೆದು ಹೋಗುವುದನ್ನು ಕಂಡೂ ಗಾಡಿ ನಿಲ್ಲಿಸದವನು ಮನುಷ್ಯನಲ್ಲ. ಕರೆದರೂ ಹತ್ತದ ಹಿರಿಯ ಸೊಕ್ಕಿನವನು. ಮೊದಲ ದಿನವೇ ನೆರೆಮನೆಯ ಬಸವರಾಜ ಬ್ರೇಕ್ ಹಾಕಿದ.

"ಕಾಕಾ, ಗಾಡಿ ಮಾರಿದ್ರೇನು?"

"ಇಲ್ಲೋ, ಸಕ್ಕರಿ ಬಂದೈತಿ."

"ಅಯ್ಯ, ಸಕ್ಕರಿ ಇದ್ದವರು ಹಿಂಗ ಒಬ್ಬರ ನಡೀಬಾರದ್ರಿ, ಚಕ್ಕರ್ ಬರ್ತೈತಿ. ಬರ್ರಿ, ಹತ್ರಿ!"

ಹತ್ತಿದೆ. ಮರುದಿನ ಹಾಲಿನ ಟೆಂಪೋ, ಅದರ ಮರುದಿನ ಹಳಿಯಾಳಕ್ಕೆ ಹೊರಟಿದ್ದ ಮಾಸ್ತರರು. ಮನೆ ಬಿಟ್ಟದ್ದು ಆರಕ್ಕೇ ಆದ್ದರಿಂದ ವೇಳಾಪಟ್ಟಿಯಲ್ಲಿ ಪ್ರತಿದಿನವೂ 'ನಡಿಗೆ' ಎಂದು ಗುರುತು ಹಾಕಿದೆ.

ಮೂರು ತಿಂಗಳು ತುಂಬಿದ ದಿನ ರಕ್ತಪರೀಕ್ಷೆಗೆ ನಡೆದು ಹೊರಟಿದ್ದೆ. ಹಿಂದಿನಿಂದ ಕಾರು ಬಂದು ನಿಂತಿತು. ಸ್ವತಃ ಡಾಕ್ಟರು!

"ಬರ್ರಿ, ನಾನೂ ದವಾಖಾನಿಗೇ ಹೊಂಟೇನಿ."

ಡಾಕ್ಟರಿಗೆ ಇಲ್ಲವೆನ್ನುವುದುಂಟೆ? ಸ್ವಲ್ಪ ಮುಂದೆ ಸರೋಜಾ ಕಾಯಿಪಲ್ಲೆಯ ಚೀಲ ಹಿಡಿದು ನಡೆಯುತ್ತಿದ್ದಳು. ಪಾಪ ಎನ್ನಿಸಿ ಡಾಕ್ಟರಿಗೆ ಹೇಳಿ ಕಾರು ನಿಲ್ಲಿಸಿಸಿದೆ. ಅವಳು ಕಿಟಕಿಗೆ ಬಗ್ಗಿದಳು.

"ನಾ ಒಲ್ಲೆ ಡಾಕ್ಟರ್ರೆ, ನಡೀತೇನಿ. ಮೊದಲ ಇವರನ್ನ ಇಳಸ್ರಿ. ಹಿಂದ ಗಾಡಿ ಸಪ್ಪಳಾದ್ರ ಸಾಕು, ಕುಂಟಾಕ ಹತ್ತತಾರ. ಓಣಿ ಮಂದಿಗೆಲ್ಲಾ ಗೊತ್ತೈತಿ."

"ನಾನ? ಕುಂಟತೇನಿ?"

"ಒಮ್ಮೆ ಬಲಗಾಲು, ಒಮ್ಮೆ ಎಡಗಾಲು."

ಡಾಕ್ಟರು ಬಗ್ಗಿ ನನ್ನ ಕಡೆಯ ಬಾಗಿಲು ತೆರೆದರು. "ಇಳೀರಿ. ಇವತ್ತು ರಕ್ತಪರೀಕ್ಷೆ ಬ್ಯಾಡ, ಇನ್ನೊಂದು ತಿಂಗಳು ನೋಡ್ತೇನಿ. ಆಮ್ಯಾಲೆ ಸೂಜಿ, ಮಾತಿಲ್ಲ."

ಇಳಿದೆ. ಸರೋಜಾ ಚೀಲವನ್ನು ನನ್ನ ಕೈಗೆ ಕೊಟ್ಟು ಹತ್ತು ಮಾರು ಮುಂದೆ ಹೋದಳು. ಹಿಂದಿನಿಂದ ಇನ್ನೊಂದು ಕಾರಿನ ಸದ್ದು ಬಂತು. ದೇವರಾಣೆ, ನಾನು ಕುಂಟಲಿಲ್ಲ. ಕಾರೂ ನಿಲ್ಲಲಿಲ್ಲ. ಬಸವರಾಜನೇ ಇದ್ದ, ಕೈಬೀಸಿ ಹೋದ. ಊರಲ್ಲಿ ಹಿರಿಯರಿಗೆ ಮರ್ಯಾದೆಯೇ ಉಳಿದಿಲ್ಲ.