ಹಿಂದಿ ಬಾರದ ಅರ್ಥಧಾರಿ

ಆ ಹಿಂದಿ ಧಾರಾವಾಹಿ ಉಳಿದದ್ದು ಸುಳ್ಳಿನಿಂದ. ದೆಹಲಿಯವರ ದೊಡ್ಡ ಮನಸ್ಸಿನಿಂದ ಅಲ್ಲ, ಅದರಲ್ಲಿ ಕುಣಿದವರ ಪುಣ್ಯದಿಂದಲೂ ಅಲ್ಲ. ನನ್ನ ಮೈದುನ ಒಂದು ವರ್ಷ ಪ್ರತಿ ಶುಕ್ರವಾರ ನಮ್ಮ ಚಾವಡಿಯಲ್ಲಿ ಕೂತು ಹೇಳಿದ ಶುದ್ಧ ಸುಳ್ಳಿನಿಂದ. ಬೇರೆ ಯಾರಾದರೂ ಬೇರೆ ಕಾರಣ ಹೇಳಿದರೆ ನಂಬಬೇಡಿ. ನಾನು ಅಲ್ಲೇ ಇದ್ದೆ, ಎಲ್ಲರಿಗೂ ಚಹಾ ಮಾಡಿದವಳು ನಾನೇ.

ಹಿಂದಿಯ ಒಂದು ಶಬ್ದ ತಿಳಿಯದೆ ಇಡೀ ಕೇರಿಗೆ ಹಿಂದಿ ಧಾರಾವಾಹಿ ಬಿಡಿಸಿ ಹೇಳಿದ ಮನುಷ್ಯ ನಿಮ್ಮ ಕುಟುಂಬದಲ್ಲಿ ಇದ್ದಾನೆಯೇ? ನಮ್ಮಲ್ಲಿ ಇದ್ದ!

ಎಂಬತ್ತೈದೋ ಎಂಬತ್ತಾರೋ ಇರಬೇಕು. ಬೊಂಬಾಯಿಯ ಹೋಟೆಲಿನಲ್ಲಿ ಮ್ಯಾನೇಜರನಾಗಿದ್ದ ನನ್ನ ಮಗ ಕಾಪುವಿನ ನಮ್ಮ ಮನೆಗೆ ಟಿ.ವಿ. ತಂದಿಟ್ಟು ಹೋದ. ಆಂಟೆನಾವನ್ನು ಉಡುಪಿಯ ಕಡೆಗೆ ತಿರುಗಿಸಿದರೆ ಮನುಷ್ಯರು, ಸಮುದ್ರದ ಕಡೆಗೆ ತಿರುಗಿದರೆ ಬರೀ ಮಳೆ. ಶುಕ್ರವಾರ ಸಂಜೆ ಅರ್ಧ ಗಂಟೆಯ ಒಂದು ತಮಾಷೆಯ ಧಾರಾವಾಹಿ ಬರುತ್ತಿತ್ತು. ಒಬ್ಬ ಗಂಡ, ಒಬ್ಬಳು ಹೆಂಡತಿ, ಒಬ್ಬ ಮುದುಕ ಮಾವ, ಬಂದು ಹೋಗುವವರು ಹತ್ತು ಜನ. ನೋಡಲು ಕೇರಿಯೇ ಬರುತ್ತಿತ್ತು. ಅರ್ಥ ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ಪೆಟ್ಟಿಗೆಯ ಒಳಗಿನವರು ನಕ್ಕಾಗ ನಾವೂ ನಗುವುದು, ಅವರು ನಿಲ್ಲಿಸಿದರೆ ನಾವೂ ನಿಲ್ಲಿಸುವುದು. ಶಾಲೆಯಲ್ಲಿ ಮಾಸ್ತರು ನಕ್ಕರೆ ಮಕ್ಕಳು ನಗುವುದಿಲ್ಲವೇ, ಹಾಗೆ.

ಮೂರನೆಯ ವಾರವೋ ನಾಲ್ಕನೆಯ ವಾರವೋ ನನ್ನ ಮೈದುನ ಒಳಕೋಣೆಯಿಂದ ಎದ್ದು ಬಂದ. ಟಿ.ವಿ.ಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಗಂಡನ ಪಾರ್ಟಿನವನು ಬಾಗಿಲು ತೆರೆದು ಎರಡು ಮಾತು ಆಡಿದ್ದೇ ತಡ, ಇವನು ಶುರು ಮಾಡಿದ: "ಎಲೌ ಮಡದಿ, ಹಗಲಿಡೀ ಪರರ ಊಳಿಗ ಮಾಡಿ ಬಳಲಿ ಬಂದಿದ್ದೇನೆ. ಈ ಮನೆಯ ಹೊಸ್ತಿಲು ದಾಟಿದವನಿಗೆ ಒಂದು ಲೋಟ ಬಿಸಿನೀರಿಗೂ ಗತಿಯಿಲ್ಲವೇ?"

ಚಾವಡಿ ಬಿದ್ದು ಬಿದ್ದು ನಕ್ಕಿತು. ಅವನು ಹೆಂಡತಿಯಾದ, ಮಾವನಾದ, ಬಾಗಿಲು ತಟ್ಟಿದ ಹಾಲಿನವನೂ ಆದ. ನಡುವೆ ಸಾಬೂನಿನ ಜಾಹೀರಾತು ಬಂತು. ನಿಲ್ಲಿಸಿದನೇ? ಇಲ್ಲ. ಸ್ನಾನ ಮಾಡುತ್ತಿದ್ದ ಆ ಹೆಣ್ಣನ್ನು ಮಾವನ ಕಳೆದುಹೋದ ತಂಗಿಯೆಂದು ಮಾಡಿ ಕಥೆಗೆ ಸೇರಿಸಿಬಿಟ್ಟ. ಮುಂದೆ ಆರು ತಿಂಗಳು ಆ ಸಾಬೂನಿನವಳು ಬಂದಾಗಲೆಲ್ಲ ನಮ್ಮ ಹೆಂಗಸರು "ಪಾಪ, ಇನ್ನೂ ಮನೆ ಸಿಕ್ಕಿಲ್ಲ ಇವಳಿಗೆ" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಇಂಥ ಮಾತು ಅವನಿಗೆ ಎಲ್ಲಿಂದ ಬಂತು ಎಂದರೆ, ಅವನು ತಾಳಮದ್ದಳೆಯ ಅರ್ಥಧಾರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಕೂತಲ್ಲೇ ಪಾತ್ರವಾಗಿ ಮಾತಾಡುವುದು. ಅದು ಬರೆದು ಬಾಯಿಪಾಠ ಮಾಡಿದ ಮಾತಲ್ಲ. ಎದುರಿನವನು ಒಂದು ಪ್ರಶ್ನೆ ಎಸೆದರೆ ಇವನು ಅಲ್ಲಿಂದಲೇ ಹಿಡಿದು ತಿರುಗಿಸಿ ಎಸೆಯಬೇಕು. ಮದುವೆ ಮಾಡಿಕೊಳ್ಳಲಿಲ್ಲ, ಗದ್ದೆಗೆ ಇಳಿಯಲಿಲ್ಲ, ಇಪ್ಪತ್ತು ವರ್ಷ ಇದೇ ಕೆಲಸ. ಉಡುಪಿಯಿಂದ ಕಾರ್ಕಳದವರೆಗೆ ಅವನನ್ನು ಕರೆಯದ ಕೂಟವಿರಲಿಲ್ಲ.

ಹಾಗಿದ್ದವನು ಕಾರ್ಕಳದ ಒಂದು ಕೂಟದಲ್ಲಿ ಮರ್ಯಾದೆ ಕಳೆದುಕೊಂಡ. ಇವನು ಸಂಧಾನಕ್ಕೆ ಬಂದ ಕೃಷ್ಣ. ಕೌರವನಾದವನು, ಪಾಂಡವರಿಗೆ ಎಷ್ಟು ಊರು ಬೇಕು ಎಂದು ಕೇಳಿದ. ಇವನು ಗಂಭೀರವಾಗಿ, ವಿದುರನ ಮನೆಯ ಹಾಲು ಬಹಳ ರುಚಿಯಾಗಿತ್ತು ಎಂದ. ಸಭೆ ನಕ್ಕಿತು. ಇನ್ನೆರಡು ಕಡೆ ಹೀಗೇ ಆಯಿತು. ಎದುರಿನವರ ಮಾತಿಗೆ ಬೆಲೆ ಕೊಡುವುದಿಲ್ಲ, ತನ್ನದೇ ಹೇಳುತ್ತಾನೆ, ಅಹಂಕಾರ ತಲೆಗೇರಿದೆ ಎಂದರು. ಕರೆಯುವುದನ್ನು ಬಿಟ್ಟರು. ನಾನೂ ಅಹಂಕಾರ ಅಂತಲೇ ತಿಳಿದಿದ್ದೆ. ಎರಡು ವರ್ಷ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಊಟಕ್ಕೆ ಎಬ್ಬಿಸಬೇಕಾದರೆ ಅಲುಗಾಡಿಸಬೇಕಿತ್ತು. ಹೀಗೇ ಬಿಟ್ಟರೆ ಇವನು ಮಲಗಿದಲ್ಲೇ ಮುಗಿದುಹೋಗುತ್ತಾನೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಎಬ್ಬಿಸಿದ್ದು ಆ ಧಾರಾವಾಹಿ. ಈಗ ಶುಕ್ರವಾರ ಬಂತೆಂದರೆ ಬೆಳಿಗ್ಗೆಯೇ ಕ್ಷೌರ, ಇಸ್ತ್ರಿಯ ಅಂಗಿ!

ದೀಪಾವಳಿಗೆ ಬೊಂಬಾಯಿಯಿಂದ ಸೊಸೆ ಬಂದಳು. ಅಲ್ಲೇ ಹುಟ್ಟಿ ಬೆಳೆದವಳು, ಹಿಂದಿ ನೀರು ಕುಡಿದ ಹಾಗೆ. ಶುಕ್ರವಾರ ಕೂತು ನೋಡಿದಳು. ನೋಡುತ್ತ ನೋಡುತ್ತ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿ ಬಂದಳು.

"ಅತ್ತೆ, ಅವರು ಗ್ಯಾಸ್ ಸಿಲಿಂಡರ್ ಬರಲಿಲ್ಲ ಅಂತ ಜಗಳ ಮಾಡುವುದು. ಚಿಕ್ಕಮಾವ ಮನೆ ಪಾಲು ಮಾಡಿಬಿಟ್ಟರು."

"ಮತ್ತೆ ಇವನು ಹೇಳುವ ಆ ಮಗಳ ಮದುವೆ ಮಾತು?"

"ಮಗಳೇ ಇಲ್ಲ ಅತ್ತೆ ಆ ಮನೆಯಲ್ಲಿ. ಅವಳು ಇಸ್ತ್ರಿಪೆಟ್ಟಿಗೆ ಕೇಳಲು ಬರುವ ಪಕ್ಕದ ಮನೆಯವಳು. ಮೂರು ಮಕ್ಕಳ ತಾಯಿ."

ನನಗೆ ಸಿಟ್ಟೇ ಬಂತು. ಆ ಹುಡುಗಿಗೆ ಗಂಡು ಸಿಗಲೆಂದು ಪಕ್ಕದ ಮನೆಯ ಸೆವ್ರಿನ್ ಬಾಯಮ್ಮ ಇಗರ್ಜಿಯಲ್ಲಿ ಶಿಲುಬೆಯ ಮುಂದೆ ಮೊಂಬತ್ತಿ ಹಚ್ಚಿ ಬಂದಿದ್ದಳು! ನಾನು ಕೇಳಿದೆ, "ಯಾವ ಕಥೆ ಚಂದ, ಅವರದ್ದಾ ಇವನದ್ದಾ?"

ಸೊಸೆ ಸ್ವಲ್ಪ ಯೋಚಿಸಿ, "ಚಿಕ್ಕಮಾವನದ್ದೇ" ಎಂದಳು.

"ಹಾಗಾದರೆ ಬಾಯಿ ಮುಚ್ಚಿ ಈ ಕರಿದ ಅಂಬಡೆಯ ತಟ್ಟೆ ಹೊರಗೆ ಕೊಂಡುಹೋಗು."

ಸೊಸೆ ಬೊಂಬಾಯಿಗೆ ಹಿಂತಿರುಗಿದಳು, ಅಷ್ಟರಲ್ಲಿ ಗ್ರಹಚಾರ ಬಂತು. ಆ ಧಾರಾವಾಹಿ ಹಳತಾಯಿತಂತೆ, ನೋಡುವವರು ಕಡಿಮೆಯಾದರಂತೆ, ನಿಲ್ಲಿಸುವ ಯೋಚನೆ ಉಂಟಂತೆ ಎಂದು ಪೇಪರಿನಲ್ಲಿ ಬಂತು. ಅದನ್ನು ಓದಿದ ದಿನ ಮೈದುನ ಮಧ್ಯಾಹ್ನವೇ ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿದ. ಇನ್ನೊಮ್ಮೆ ಮಲಗಿದರೆ ಇವನನ್ನು ಎಬ್ಬಿಸಲು ಯಾವ ಪೆಟ್ಟಿಗೆ ತರುವುದು?

ಸೆವ್ರಿನ್ ಬಾಯಮ್ಮನೇ ಮೊದಲು ಸೊಂಟ ಕಟ್ಟಿದಳು. ಬೆಳೆದ ಹುಡುಗಿಯನ್ನು ಮನೆಯಲ್ಲಿ ಕೂರಿಸಿ ಕಥೆ ನಿಲ್ಲಿಸುವುದೆಂದರೆ ಎಂತ, ಇವರಿಗೆ ಅಕ್ಕ ತಂಗಿ ಇಲ್ಲವಾ ಎಂದು ಅಂಚೆ ಕಚೇರಿಗೆ ಹೋಗಿ ಒಂದು ಕಟ್ಟು ಕಾರ್ಡು ತಂದಳು. ಕೇರಿಗೆ ಕೇರಿಯೇ ನಮ್ಮ ಚಾವಡಿಯಲ್ಲಿ ಕೂತು ಕನ್ನಡದಲ್ಲಿ ದೆಹಲಿಗೆ ಬರೆಯಿತು. ಒಬ್ಬಳು ಗಂಡಿನ ಜಾತಕ ಸರಿಯಾಗಿ ನೋಡಲು ಹೇಳಿದಳು. ಒಬ್ಬರು ಮನೆ ಪಾಲಿನಲ್ಲಿ ಮಾವನಿಗೆ ಬಾವಿಯ ಹಕ್ಕು ಬಿಡಬಾರದೆಂದರು. ಸಾಬೂನಿನ ತಂಗಿಯನ್ನು ಮದುವೆಗೆ ಕರೆಯಲೇಬೇಕೆಂದು ನಾಲ್ಕು ಕಾರ್ಡು. ಎಲ್ಲವೂ ಅಬದ್ಧ ಎಂದು ಆ ಚಾವಡಿಯಲ್ಲಿ ತಿಳಿದಿದ್ದವಳು ನಾನೊಬ್ಬಳೇ. ಹೇಳಿದೆನೇ? ನಾನೂ ಒಂದು ಕಾರ್ಡು ಬರೆದೆ. ಕಾಗುಣಿತ ತಪ್ಪಿರಬಹುದು. ಹುಡುಗಿಯ ಮದುವೆ ಮುಗಿಸದೆ ನಿಲ್ಲಿಸಿದರೆ ನಿಮಗೆ ಒಳ್ಳೆಯದಾಗುವುದಿಲ್ಲ ಎಂದು ಮಾತ್ರ ಸ್ಪಷ್ಟವಾಗಿ ಬರೆದೆ.

ಒಂದು ತಿಂಗಳು ಕಳೆಯಿತು. ಕಾರ್ಡುಗಳ ರಾಶಿ ನೋಡಿ ಮೈದುನನೂ ಎದ್ದು ಚಾವಡಿಗೆ ಬಂದಿದ್ದ. ಟಿ.ವಿ.ಯಲ್ಲಿ ನೋಡುಗರ ಕಾಗದ ಓದುವ ಕಾರ್ಯಕ್ರಮವೊಂದಿತ್ತು. ಒಂದು ಸಂಜೆ ಅದರ ಹೆಂಗಸು ನಗುನಗುತ್ತಾ ಒಂದು ಕಾರ್ಡನ್ನು ಎತ್ತಿ ತೋರಿಸಿದಳು. ಕಾರ್ಡಿನ ತಲೆಯಲ್ಲಿ ದೊಡ್ಡ ಶಿಲುಬೆ! ಕಾಗದ ಬರೆಯುವ ಮೊದಲು ಶಿಲುಬೆ ಎಳೆಯುವುದು ಸೆವ್ರಿನ್ ಬಾಯಮ್ಮನ ಕ್ರಮ. ಹೆಂಗಸು ಹಿಂದಿಯಲ್ಲಿ ಏನೇನೋ ಹೇಳಿದಳು. ನಾವೆಲ್ಲ ಮೈದುನನ ಮುಖ ನೋಡಿದೆವು. ಅವನು ಎದ್ದು ನಿಂತು, ಕೈ ಜೋಡಿಸಿ, "ಕಾಪುವಿನ ಮಹಾಜನರೇ, ನಿಮ್ಮ ಮಾತನ್ನು ಮೀರಲು ನಾವು ಯಾರು?" ಎಂದು ಅರ್ಥ ಹೇಳಿದ.

ವಾರದ ಮೇಲೆ ಸೊಸೆಯ ಕಾಗದ ಬಂತು. ಬೊಂಬಾಯಿಯಲ್ಲಿ ಅವಳೂ ನೋಡಿದ್ದಳು. ಕರ್ನಾಟಕದ ಕಾಪು ಎಂಬ ಊರಿನಿಂದ ಕಾರ್ಡುಗಳ ಮೂಟೆಯೇ ಬಂದಿದೆ, ಓದಿಸಿ ನೋಡಿದರೆ ನಮ್ಮ ಕಥೆಯಲ್ಲೇ ಇಲ್ಲದ ಮಗಳ ಮದುವೆ ಕೇಳುತ್ತಾರೆ, ಕಥೆ ಬರೆಯುವವರಿಗೆ ಅದು ಬಹಳ ಹಿಡಿಸಿದೆ, ಧಾರಾವಾಹಿ ಮುಂದುವರಿಯುತ್ತದೆ ಎಂದಳಂತೆ ಆ ಟಿ.ವಿ.ಯ ಹೆಂಗಸು. ಇವನು ಹೇಳಿದ ಅರ್ಥದಲ್ಲಿ ತಪ್ಪೇನಿತ್ತು, ಹೇಳಿ!

ನಿಜಕ್ಕೂ ಮುಂದಿನ ತಿಂಗಳು ಆ ಮನೆಗೆ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳೊಬ್ಬಳು ಪೆಟ್ಟಿಗೆ ಹಿಡಿದು ಬಂದಳು. ಅಷ್ಟು ಸಮಯ ಅಪ್ಪ ಅಮ್ಮನಿಗೆ ಮರೆತೇ ಹೋಗಿದ್ದಳೋ ಏನೋ. ಹಿಂದಿ ತಿಳಿಯದ ನನ್ನ ಮೈದುನನ ಸುಳ್ಳನ್ನು ದೆಹಲಿಯವರು ಓಡಿ ಓಡಿ ನಿಜ ಮಾಡಿದರು!

ಮದುವೆಯ ಶುಕ್ರವಾರ ನಮ್ಮ ಮನೆಯಲ್ಲಿ ನಿಜವಾದ ಮದುವೆಯಷ್ಟೇ ಜನ. ಅಂಗಳದವರೆಗೆ ಚಾಪೆ. ನಾನು ಪಾಯಸ ಮಾಡಿದ್ದೆ. ಧಾರಾವಾಹಿ ಶುರುವಾಯಿತು, ಎರಡು ನಿಮಿಷ ಆಗಿರಲಿಲ್ಲ, ಟಿ.ವಿ. ಪಟಕ್ಕೆಂದು ಮೂಕವಾಯಿತು. ಚಿತ್ರ ಉಂಟು, ಸ್ವರ ಇಲ್ಲ. ಜನ ಗುಸುಗುಸು ಮಾಡಿದರು. ಮೈದುನ ಮಾತ್ರ ನಿಲ್ಲಿಸಲಿಲ್ಲ, ತಲೆ ತಿರುಗಿಸಲೂ ಇಲ್ಲ. ಚಿತ್ರದವರ ಮುಖವನ್ನೇ ನೋಡುತ್ತಾ, ಅವರ ತುಟಿ ನಿಂತಲ್ಲಿ ನಿಲ್ಲಿಸಿ, ಅಲುಗಿದಲ್ಲಿ ಎತ್ತಿಕೊಂಡು ಹೇಳುತ್ತಲೇ ಹೋದ.

ಸೆವ್ರಿನ್ ಬಾಯಮ್ಮ ಟಿ.ವಿ.ಯ ಕಿವಿ ಹಿಂಡಲು ಎದ್ದಳು. ನಾನು ಅವಳ ಕೈ ಹಿಡಿದು ಕೂರಿಸಿದೆ.

ಆಗ ನನಗೆ ತಿಳಿಯಿತು. ಅಹಂಕಾರವೂ ಅಲ್ಲ, ಮಣ್ಣೂ ಅಲ್ಲ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಎಷ್ಟು ವರ್ಷದಿಂದಲೋ! ಮನೆಯಲ್ಲಿ ನಮಗೆ ಗೊತ್ತಾಗಲಿಲ್ಲವೇ ಎಂದು ಕೇಳಬೇಡಿ. ನಮ್ಮ ಮನೆಯ ಯಾವ ಗಂಡಸು ಕರೆದಾಗ ಓಗೊಟ್ಟದ್ದುಂಟು? ಹಿಂದೆ ಅವನು ಎದುರಾಳಿಯ ಬಾಯಿ ನೋಡಿ ಮಾತು ಹಿಡಿಯುತ್ತಿದ್ದಿರಬೇಕು. ಕೂಟಗಳಿಗೆ ಮೈಕು ಬಂತು. ಎದುರಾಳಿ ಇವನನ್ನು ಬಿಟ್ಟು ಸಭೆಗೆ ಮುಖ ಮಾಡಿದ, ಬಾಯಿಯ ಮುಂದೆ ಆ ಕಬ್ಬಿಣದ ಗುಂಡು. ಇವನಿಗೆ ಕಾಣಿಸಬೇಕಾದದ್ದು ಆ ಬಾಯಿ ಒಂದೇ ಆಗಿತ್ತು, ಅದೂ ಮುಚ್ಚಿಹೋಯಿತು.

ಮಗಳನ್ನು ಕಳಿಸಿಕೊಡುವ ಅಪ್ಪನ ಅರ್ಥವನ್ನು ಅವನು ಅಂದು ಹೇಳಿದ್ದನ್ನು ನಾನು ಇಲ್ಲಿ ಬರೆಯಲಾರೆ. ಅಂಗಳದಲ್ಲಿದ್ದ ಗಂಡಸರೂ ಮೂಗು ಒರೆಸಿಕೊಂಡರು. ಸ್ವರ ಇಲ್ಲವೆಂದು ಒಬ್ಬರೂ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಬೆನ್ನಿಂದ ಕರೆದೆ. ತಿರುಗಲಿಲ್ಲ. ಎದುರಿಗೆ ಬಂದು ಪಾಯಸ ಕೊಟ್ಟೆ.

"ಅತ್ತಿಗೆ, ಇವತ್ತು ಆ ಅಪ್ಪನ ಪಾರ್ಟಿನವ ಒಳ್ಳೆ ಮಾತಾಡಿದ, ಅಲ್ವಾ?" ಎಂದ.

"ಮಾತಾಡಿದ ಮಾರಾಯ," ಎಂದೆ, ನಿಧಾನವಾಗಿ, ಬಾಯಿ ಕಾಣುವ ಹಾಗೆ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕಾರ್ಕಳಕ್ಕೆ ಹೋದೆ. ಕೂಟ ನಡೆಸುವವರ ಮನೆ ಹುಡುಕಿ ಬಾಗಿಲು ತಟ್ಟಿದೆ. ಮುಂದಿನ ಕೂಟಕ್ಕೆ ನನ್ನ ಮೈದುನ ಬರುತ್ತಾನೆ, ಎದುರು ಕೂತವರು ಅವನ ಕಡೆಗೇ ತಿರುಗಿ ಮಾತಾಡಬೇಕು ಎಂದೆ. ಯಾಕೆ ಎಂದು ಕೇಳಿದರು. ನಮ್ಮವನಿಗೆ ಎದುರಾಳಿಯ ಮುಖ ಕಾಣಬೇಕು, ಅಷ್ಟೆ ಎಂದೆ. ಅವರು ಒಳಗೆ ಕೂಗಿ ತಿಂಡಿ ತರಲು ಹೇಳಿದರು.

"ತಿಂಡಿ ಆಮೇಲೆ," ಎಂದೆ. "ಮೊದಲು ಆ ಮೈಕಿನ ಕೋಲು ತನ್ನಿ. ಅದು ಗದ್ದದಿಂದ ಎಷ್ಟು ಕೆಳಗೆ ಇಳಿಯುತ್ತದೆ ನೋಡುವ."